ಮಲ್ಟಿಪ್ಲೆಕ್ಸರಿನ ಸಹಬಳಕೆ ಮತ್ತು ಕರ್ನೆಲ್ಲಿನ ಹೊಣೆ

ಸಾಧನ ಒಂದೇ ಇದ್ದು ಅದನ್ನು ಬಳಸಬೇಕಾದವರು ಹಲವರಾಗಿದ್ದಾಗ ಕ್ರಮದ ಪ್ರಶ್ನೆ ತಾನಾಗಿಯೇ ಏಳುತ್ತದೆ. ಕೆರೆಯ ನೀರನ್ನು ಅಚ್ಚುಕಟ್ಟಿನ ಗದ್ದೆಗಳಿಗೆಲ್ಲ ಹಾಯಿಸಬೇಕಾದಾಗ ತೂಬನ್ನು ಎತ್ತುವ, ಇಳಿಸುವ ಅಧಿಕಾರವನ್ನು ಕನ್ನಡ ನಾಡಿನ ಹಳ್ಳಿಗಳು ನೀರುಗಂಟಿಗೆ ವಹಿಸಿಕೊಟ್ಟವು. ಪ್ರತಿಯೊಬ್ಬ ರೈತನೂ ತನಗೆ ತೋಚಿದಾಗ ತೂಬಿಗೆ ಕೈಹಾಕಿದರೆ ನೀರು ಹರಿಯುವುದೇನೋ ಹರಿಯುತ್ತದೆ. ಆದರೆ ಅದು ಯಾರ ಗದ್ದೆಗೆ ಎಷ್ಟು ಹರಿಯಿತೆಂಬುದನ್ನು ಹೇಳಬಲ್ಲವರು ಯಾರೂ ಇರುವುದಿಲ್ಲ. ಗಣಕಯಂತ್ರದ ಒಳಗೂ ಇಂಥದೇ ಪ್ರಶ್ನೆ ಏಳುವುದುಂಟು. ಲಿನಕ್ಸ್ ಎಂಬ ಜಗದ್ವ್ಯಾಪಿ ಕಾರ್ಯಾಚರಣ ವ್ಯವಸ್ಥೆಯಲ್ಲಿ ೨೦೧೬–೧೭ರ ಅವಧಿಯಲ್ಲಿ ಆ ಪ್ರಶ್ನೆಗೆ ಒಂದು ವ್ಯವಸ್ಥಿತ ಉತ್ತರವನ್ನು ಕಂಡುಕೊಳ್ಳಲಾಯಿತು. ಆ ಉತ್ತರದ ಸ್ವರೂಪವನ್ನು, ಅದರ ಹಿಂದಿನ ವಿಚಾರವನ್ನು ಇಲ್ಲಿ ವಿವರಿಸಲಾಗಿದೆ.

ಮಲ್ಟಿಪ್ಲೆಕ್ಸರ್ ಎಂದರೇನು?

ಹಲವು ದಾರಿಗಳಲ್ಲಿ ಒಂದನ್ನು ಆರಿಸಿ ಅದನ್ನು ಒಂದು ಸಾಮಾನ್ಯ ದಾರಿಗೆ ಕೂಡಿಸುವ ಸಾಧನವೇ ಮಲ್ಟಿಪ್ಲೆಕ್ಸರ್. ಈ ಕಲ್ಪನೆ ಗಣಕಯಂತ್ರಕ್ಕಿಂತ ಹಳೆಯದು. ಫ್ರಾನ್ಸಿನ ತಂತಿ ಇಲಾಖೆಯಲ್ಲಿದ್ದ ಎಮಿಲ್ ಬೋದೋ ೧೮೭೪ರಲ್ಲಿ ಹಕ್ಕುಪತ್ರ ಪಡೆದ ಮುದ್ರಣ ಟೆಲಿಗ್ರಾಫ್ ವ್ಯವಸ್ಥೆಯಲ್ಲಿ ಸುತ್ತುವ ತೋಳೊಂದು ಒಂದೇ ತಂತಿಯನ್ನು ಹಲವು ಕೆಲಸಗಾರರಿಗೆ ಸರದಿಯಂತೆ ಒದಗಿಸುತ್ತಿತ್ತು. ತಂತಿ ಒಂದೇ, ಸಂದೇಶಗಳು ಹಲವು, ಅವುಗಳನ್ನು ಬೇರ್ಪಡಿಸುವುದು ಸರದಿ.

ಇಂದಿನ ವಿದ್ಯುನ್ಮಾನ ಸಾಧನಗಳಲ್ಲಿ ಈ ಕೆಲಸವನ್ನು ಉಗುರಿನಗಲದ ಚಿಪ್‌ಗಳು ಮಾಡುತ್ತವೆ. ಅವುಗಳಲ್ಲಿ ೪೦೫೧ ಎಂಬ ಸಂಖ್ಯೆಯ ಚಿಪ್ ಬಹು ಪ್ರಸಿದ್ಧವಾದುದು. ಅದರಲ್ಲಿ ಎಂಟು ದಾರಿಗಳು, ಒಂದು ಸಾಮಾನ್ಯ ಕಾಲು ಮತ್ತು ಆಯ್ಕೆಗಾಗಿ ಮೂರು ಕಾಲುಗಳಿವೆ. ಆಯ್ಕೆಯ ಪ್ರತಿಯೊಂದು ಕಾಲಿಗೂ ವೋಲ್ಟೇಜು ಇರುವುದು ಅಥವಾ ಇಲ್ಲದಿರುವುದು ಎಂಬ ಎರಡೇ ಸ್ಥಿತಿಗಳು. ಮೂರು ಕಾಲುಗಳಿಂದ ೨×೨×೨ ಎಂದರೆ ೮ ಬೇರೆ ಬೇರೆ ಸ್ಥಿತಿಗಳು ದೊರೆಯುತ್ತವೆ. ಮೂರು ಕಾಲುಗಳಿಗೆ ಕ್ರಮವಾಗಿ ೪, ೨, ೧ ಎಂಬ ಬೆಲೆ ಕಟ್ಟಿದರೆ ೧೦೧ ಎಂಬ ಸ್ಥಿತಿ ೫ನೆಯ ದಾರಿಯನ್ನೂ ೦೧೦ ಎಂಬ ಸ್ಥಿತಿ ೨ನೆಯ ದಾರಿಯನ್ನೂ ಸೂಚಿಸುತ್ತದೆ. ದಾರಿಗಳ ಎಣಿಕೆ ಸೊನ್ನೆಯಿಂದ ಆರಂಭವಾಗಿ ಏಳಕ್ಕೆ ಮುಗಿಯುತ್ತದೆ.

ಇದರಿಂದಾಗುವ ಉಳಿತಾಯ ಸಣ್ಣದಲ್ಲ. ಸಂಸ್ಕಾರಕದ ಕಾಲುಗಳು ಯಾವಾಗಲೂ ಮಿತವಾದವು. ನಾಲ್ಕು ಮಲ್ಟಿಪ್ಲೆಕ್ಸರುಗಳಿದ್ದರೆ ೩೨ ದಾರಿಗಳನ್ನು ಆಳಬಹುದು. ಪ್ರತಿಯೊಂದಕ್ಕೂ ಬೇರೆ ಬೇರೆ ಆಯ್ಕೆಯ ತಂತಿಗಳನ್ನು ಕೊಟ್ಟರೆ ಅದಕ್ಕೆ ಸಂಸ್ಕಾರಕದ ೧೨ ಕಾಲುಗಳು ವೆಚ್ಚವಾಗುತ್ತವೆ. ನಾಲ್ಕಕ್ಕೂ ಅದೇ ಮೂರು ತಂತಿಗಳನ್ನು ಹಂಚಿಕೊಟ್ಟರೆ ಮೂರೇ ಕಾಲುಗಳು ಸಾಕು. ಫಲಕವನ್ನು ರೂಪಿಸುವ ತಂತ್ರಜ್ಞನು ಎರಡನೆಯ ಮಾರ್ಗವನ್ನು ಹಿಡಿದರೆ ಅದು ಸಹಜವೇ. ಆದರೆ ಹೀಗೆ ಮಾಡಿದಾಗ ನಾಲ್ಕು ಮಲ್ಟಿಪ್ಲೆಕ್ಸರುಗಳೂ ಒಟ್ಟಿಗೇ ತಿರುಗುತ್ತವೆ. ಒಂದನ್ನು ೫ನೆಯ ದಾರಿಗೆ ತಿರುಗಿಸಿದರೆ ಉಳಿದ ಮೂರೂ ೫ನೆಯ ದಾರಿಗೇ ತಿರುಗುತ್ತವೆ. ತಂತಿಯಲ್ಲಿ ಉಳಿಸಿದ ವೆಚ್ಚವನ್ನು ಮುಂದೆ ಶಿಸ್ತಿನ ರೂಪದಲ್ಲಿ ತೆರಬೇಕಾಗುತ್ತದೆ.

ಸದ್ದಿಲ್ಲದ ತಪ್ಪು

ಈ ತೊಡಕು ಕೇವಲ ಊಹೆಯದಲ್ಲ. ಸ್ವೀಡನ್ನಿನ ತಂತ್ರಜ್ಞ ಪೀಟರ್ ರೋಸಿನ್ ಅವರ ಮುಂದಿದ್ದ ಫಲಕದ ರಚನೆ ಹೀಗೆಯೇ ಇದ್ದಿತು. ಎಂಟು ದಾರಿಗಳ ನಾಲ್ಕು ಮಲ್ಟಿಪ್ಲೆಕ್ಸರುಗಳು. ನಾಲ್ಕಕ್ಕೂ ಅವೇ ಮೂರು ಆಯ್ಕೆಯ ತಂತಿಗಳು. ಅವುಗಳಲ್ಲಿ ಮೂರು, ಎಡಿಎಸ್ ೧೦೧೫ ಎಂಬ ಪರಿವರ್ತಕ ಚಿಪ್‌ಗೆ ಅಳೆಯಬೇಕಾದ ವೋಲ್ಟೇಜುಗಳನ್ನು ಒಯ್ಯುತ್ತಿದ್ದವು. ವೋಲ್ಟೇಜನ್ನು ೧೨ ಬಿಟ್‌ಗಳ ಸಂಖ್ಯೆಯಾಗಿ ಮಾರ್ಪಡಿಸುವುದು ಆ ಚಿಪ್‌ನ ಕೆಲಸ. ನಾಲ್ಕನೆಯ ಮಲ್ಟಿಪ್ಲೆಕ್ಸರಿನ ಕೆಲಸ ಸಂಪೂರ್ಣ ಬೇರೆ. ಚಿಪ್‌ಗಳು ಪರಸ್ಪರ ಮಾತನಾಡಿಕೊಳ್ಳಲು ಬಳಸುವ ಐ-ಸ್ಕ್ವೇರ್-ಸಿ ಎಂಬ ಎರಡು ತಂತಿಗಳ ಸಂಪರ್ಕಮಾರ್ಗದಲ್ಲಿ ದತ್ತಾಂಶ ಹರಿಯುವ ತಂತಿಯನ್ನು ಅದು ಎಂಟು ಕವಲುಗಳಾಗಿ ಒಡೆಯುತ್ತಿತ್ತು.

ಫಿಲಿಪ್ಸ್ ಸಂಸ್ಥೆ ೧೯೮೨ರಲ್ಲಿ ರೂಪಿಸಿದ ಈ ಸಂಪರ್ಕಮಾರ್ಗದಲ್ಲಿ ಪ್ರತಿಯೊಂದು ಚಿಪ್‌ಗೂ ಒಂದು ವಿಳಾಸವಿರುತ್ತದೆ. ಅನೇಕ ಚಿಪ್‌ಗಳಲ್ಲಿ ಆ ವಿಳಾಸ ಕಾರ್ಖಾನೆಯಲ್ಲೇ ನಿಗದಿಯಾಗಿರುವುದರಿಂದ ಒಂದೇ ಬಗೆಯ ಎಂಟು ಚಿಪ್‌ಗಳನ್ನು ಒಂದೇ ತಂತಿಗೆ ಪೋಣಿಸಿದರೆ ಒಂದೇ ಹೆಸರಿನ ಎಂಟು ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಹಾಜರಿ ಕರೆದಂತಾಗುತ್ತದೆ. ಮಲ್ಟಿಪ್ಲೆಕ್ಸರು ಅವುಗಳನ್ನು ಬೇರೆ ಬೇರೆ ಕವಲುಗಳಲ್ಲಿಟ್ಟು ಈ ತೊಂದರೆಯನ್ನು ನಿವಾರಿಸುತ್ತದೆ.

ಈಗ ಎರಡು ಕೆಲಸಗಳು ಏಕಕಾಲದಲ್ಲಿ ನಡೆಯುವುದನ್ನು ಊಹಿಸಿಕೊಳ್ಳಬೇಕು. ಒಂದು ಕ್ರಮವಿಧಿ ೫ನೆಯ ದಾರಿಯ ವೋಲ್ಟೇಜನ್ನು ಅಳೆಯಬಯಸಿ ತಂತಿಗಳನ್ನು ೧೦೧ ಮಾಡಿ ಪರಿವರ್ತಕಕ್ಕೆ ಅಪ್ಪಣೆ ಕೊಡುತ್ತದೆ. ಅಳತೆ ಮುಗಿಯುವ ಮುನ್ನವೇ ಇನ್ನೊಂದು ಕ್ರಮವಿಧಿ ೨ನೆಯ ಕವಲಿನ ಚಿಪ್‌ನೊಡನೆ ಮಾತನಾಡಬೇಕೆಂದು ತಂತಿಗಳನ್ನು ೦೧೦ ಮಾಡುತ್ತದೆ. ಮೊದಲನೆಯ ಕ್ರಮವಿಧಿಗೆ ದೊರೆಯುವ ಸಂಖ್ಯೆ ೨ನೆಯ ದಾರಿಯದು. ಆದರೆ ಅದನ್ನು ೫ನೆಯ ದಾರಿಯದೆಂದೇ ಬರೆದಿಡಲಾಗುತ್ತದೆ. ಇಲ್ಲಿ ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಪರಿವರ್ತಕ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಸಂಖ್ಯೆಯೂ ನಂಬಬಹುದಾದ ಮಿತಿಯೊಳಗೇ ಇದೆ.

ವಿಪರೀತ ದಿಕ್ಕಿನಲ್ಲಿಯೂ ಹಾನಿಯಾಗಬಹುದು. ಒಂದು ಕವಲಿನ ಚಿಪ್‌ಗೆ ಸಂದೇಶ ಕಳುಹಿಸುತ್ತಿರುವ ನಡುವೆ ಅಳತೆಗಾರ ಕ್ರಮವಿಧಿ ತಂತಿಗಳನ್ನು ತಿರುಗಿಸಿದರೆ ಸಂದೇಶದ ಅರ್ಧಭಾಗ ಒಂದು ಕವಲಿಗೂ ಉಳಿದರ್ಧ ಮತ್ತೊಂದು ಕವಲಿಗೂ ಹೋಗುತ್ತದೆ. ಮೊದಲ ಚಿಪ್ ಮುಗಿಯದ ಮಾತಿಗಾಗಿ ಕಾದು ನಿಲ್ಲುತ್ತದೆ. ಎರಡನೆಯದಕ್ಕೆ ತಲೆಬುಡವಿಲ್ಲದ ಸಂಕೇತಗಳು ತಲುಪುತ್ತವೆ. ಇಂಥ ದೋಷ ನಿತ್ಯವೂ ಕಾಣಿಸಿಕೊಳ್ಳುವುದಿಲ್ಲ. ಎರಡು ಕೆಲಸಗಳು ಒಂದೇ ಕ್ಷಣದಲ್ಲಿ ಎದುರುಬದುರಾದಾಗ ಮಾತ್ರ ತಲೆದೋರುತ್ತದೆ. ಪರೀಕ್ಷೆಯ ಮೇಜಿನ ಮೇಲೆ ನೂರು ಸಲ ಸರಿಯಾಗಿ ನಡೆದ ಯಂತ್ರ ಬಳಕೆಯ ಸ್ಥಳದಲ್ಲಿ ನೂರೊಂದನೆಯ ಸಲ ತಪ್ಪಬಹುದು. ಕೆಟ್ಟು ನಿಂತ ಯಂತ್ರಕ್ಕಿಂತ ತಪ್ಪು ಸಂಖ್ಯೆಯನ್ನು ಸರಿಯೆಂಬಂತೆ ಕೊಡುವ ಯಂತ್ರ ಹೆಚ್ಚು ಅಪಾಯಕಾರಿ ಎಂಬುದು ಅಳತೆಯ ಶಾಸ್ತ್ರವನ್ನು ಬಲ್ಲವರಿಗೆಲ್ಲ ತಿಳಿದ ಮಾತು.

ಹೊಣೆ ಯಾರದು?

ಕಾರ್ಯಾಚರಣ ವ್ಯವಸ್ಥೆಯ ತಿರುಳಿನಂತಿರುವ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಯಂತ್ರದ ಎಲ್ಲ ಸಾಧನಗಳೂ ಅದರ ವಶದಲ್ಲಿರುತ್ತವೆ. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನಲ್ಲಿ ಒಂದೊಂದು ಬಗೆಯ ಸಾಧನವನ್ನು ನಡೆಸಲು ಒಂದೊಂದು ಡ್ರೈವರ್ ಎಂಬ ಚಾಲಕ ತಂತ್ರಾಂಶವಿದೆ. ಮಲ್ಟಿಪ್ಲೆಕ್ಸರಿನ ಮೂಲಕ ಸಂಪರ್ಕಮಾರ್ಗವನ್ನು ಕವಲೊಡೆಸುವ ಚಾಲಕವೂ ಅದರಲ್ಲಿ ಮೊದಲೇ ಇದ್ದಿತು. ಆದರೆ ಆ ಚಾಲಕ ಆಯ್ಕೆಯ ತಂತಿಗಳು ತನ್ನೊಬ್ಬನ ಸ್ವತ್ತೆಂದು ಭಾವಿಸಿಯೇ ರಚಿತವಾದುದು. ಸಂಸ್ಕಾರಕದ ಒಂದು ಕಾಲನ್ನು ಒಬ್ಬ ಚಾಲಕನು ಪಡೆದುಕೊಂಡ ಮೇಲೆ ಅದೇ ಕಾಲನ್ನು ಕೇಳಿ ಬಂದ ಎರಡನೆಯವನಿಗೆ ಕರ್ನೆಲ್ ‘ಅದು ಬಳಕೆಯಲ್ಲಿದೆ’ ಎಂದು ನಿರಾಕರಿಸುವುದು ರೂಢಿ. ಇದು ಒಳ್ಳೆಯ ನಿಯಮವೇ. ಆದರೆ ಆ ನಿಯಮದಡಿಯಲ್ಲಿ ಅಳತೆಯ ಚಾಲಕ ಮತ್ತು ಸಂಪರ್ಕದ ಚಾಲಕ ಇಬ್ಬರೂ ಅವೇ ಮೂರು ತಂತಿಗಳನ್ನು ಬಳಸುವ ದಾರಿ ಇರಲಿಲ್ಲ.

ಇಂಥ ಸಂದರ್ಭದಲ್ಲಿ ಸುಲಭವಾಗಿ ತೋಚುವ ಉಪಾಯಗಳು ಎರಡು. ಆ ಒಂದು ಫಲಕಕ್ಕೆಂದೇ ಅಳತೆ ಮತ್ತು ಸಂಪರ್ಕ ಎರಡನ್ನೂ ಕಲಸಿದ ಒಂದು ವಿಶೇಷ ಚಾಲಕವನ್ನು ಬರೆಯುವುದು ಮೊದಲನೆಯದು. ಅದು ಇನ್ನೊಂದು ಫಲಕಕ್ಕೆ ಒದಗುವುದಿಲ್ಲ. ಬರೆದವನು ಹೊರಟುಹೋದರೆ ಅದನ್ನು ಅರಿತವರೂ ಉಳಿಯುವುದಿಲ್ಲ. ಕ್ರಮವಿಧಿಗಳೇ ತಮ್ಮತಮ್ಮಲ್ಲಿ ಒಡಂಬಡಿಕೆ ಮಾಡಿಕೊಂಡು ಸರದಿಯನ್ನು ಪಾಲಿಸುವುದು ಎರಡನೆಯದು. ಒಡಂಬಡಿಕೆಯನ್ನು ತಿಳಿಯದ ಒಂದೇ ಒಂದು ಕ್ರಮವಿಧಿ ನಾಳೆ ಸೇರಿಕೊಂಡರೂ ಎಲ್ಲ ಕಟ್ಟುಪಾಡೂ ಮುರಿದುಬೀಳುತ್ತದೆ. ರೋಸಿನ್ ಅವರ ಬಳಿಯಲ್ಲಿಯೂ ಬಳಕೆಯಲ್ಲಿದ್ದ ಒಂದು ಏರ್ಪಾಡು ಮೊದಲೇ ಇದ್ದಿತು. ಅದು ಪರರಿಗೆ ತೋರಿಸುವಂಥದಲ್ಲವೆಂದು ಅವರೇ ವಿನೋದವಾಗಿ ಹೇಳಿಕೊಂಡಿದ್ದರು. ಕೆಲಸ ನಡೆಯುತ್ತಿದ್ದರೂ ಆ ಏರ್ಪಾಡಿನಿಂದ ಅವರಿಗೆ ಸಮಾಧಾನವಿರಲಿಲ್ಲ. ೨೦೧೬ರ ಕೊನೆಯ ತಿಂಗಳುಗಳಲ್ಲಿ ಅವರು ಸಾಮಾನ್ಯ ಪರಿಹಾರವೊಂದನ್ನು ಕರ್ನೆಲ್ ಬಳಗದ ಮುಂದಿಟ್ಟರು.

ಆಯ್ಕೆಯನ್ನು ಬಳಕೆಯಿಂದ ಬೇರ್ಪಡಿಸುವುದು

ಆ ಪರಿಹಾರದ ಮೂಲವಿಚಾರ ಸರಳವಾದುದು. ಮಲ್ಟಿಪ್ಲೆಕ್ಸರಿನಲ್ಲಿ ಎರಡು ಅಂಶಗಳಿವೆ: ದಾರಿಯನ್ನು ಆರಿಸುವ ನಿಯಂತ್ರಣ ಒಂದು, ಆರಿಸಿದ ದಾರಿಯಲ್ಲಿ ಹರಿಯುವ ವಸ್ತು ಇನ್ನೊಂದು. ಹರಿಯುವುದು ವೋಲ್ಟೇಜಾಗಲಿ, ಸಂದೇಶವಾಗಲಿ, ಚಿತ್ರವಾಗಲಿ, ಆಯ್ಕೆಯ ಕೆಲಸ ಒಂದೇ. ಅಲ್ಲಿಯವರೆಗೆ ಪ್ರತಿಯೊಂದು ವಿಭಾಗವೂ ಈ ಎರಡನ್ನೂ ಒಂದಾಗಿ ಕಂಡಿತ್ತು. ಹೊಸ ವ್ಯವಸ್ಥೆಯಲ್ಲಿ ನಿಯಂತ್ರಣವನ್ನು ಪ್ರತ್ಯೇಕಿಸಿ ಅದನ್ನೇ ಒಂದು ಸ್ವತಂತ್ರ ಸಾಧನವೆಂದು ಪರಿಗಣಿಸಲಾಯಿತು. ಆಯ್ಕೆಯ ತಂತಿಗಳ ಒಡೆತನ ಅದರದು ಮಾತ್ರ. ಅಳತೆಯ ಚಾಲಕವಾಗಲಿ ಸಂಪರ್ಕದ ಚಾಲಕವಾಗಲಿ ತಂತಿಗಳನ್ನು ಮುಟ್ಟುವಂತಿಲ್ಲ. ಅವು ನಿಯಂತ್ರಕನನ್ನು ಬೇಡುವ ಗ್ರಾಹಕರು.

ಬೇಡಿಕೆಯ ಕ್ರಮವೂ ಎರಡೇ ಮಾತಿನದು: ‘ಆರಿಸು’ ಮತ್ತು ‘ಬಿಡು’. ಗ್ರಾಹಕನು ‘೫ನೆಯ ಸ್ಥಿತಿಯನ್ನು ಆರಿಸು’ ಎಂದು ಕೇಳಿದಾಗ ನಿಯಂತ್ರಕ ಮೊದಲು ಬೀಗವನ್ನು ಅವನ ಹೆಸರಿಗೆ ಹಿಡಿಯುತ್ತದೆ. ಬೀಗ ಬೇರೆಯವರ ಬಳಿ ಇದ್ದರೆ ಕೇಳಿದವನು ಕಾಯಬೇಕು. ಕಾಯಲು ಇಷ್ಟವಿಲ್ಲದವನಿಗೆ, ಸಿಕ್ಕರೆ ಸರಿ, ಸಿಗದಿದ್ದರೆ ಕೂಡಲೇ ಉತ್ತರ ಕೊಡು ಎಂದು ಕೇಳುವ ಇನ್ನೊಂದು ವಿಧಾನವೂ ಇದೆ. ಬೀಗ ದೊರೆತ ಮೇಲೆ ತಂತಿಗಳು ಈಗಾಗಲೇ ೧೦೧ ಇವೆಯೇ ಎಂಬುದನ್ನು ನಿಯಂತ್ರಕ ತನ್ನ ನೆನಪಿನಲ್ಲಿ ನೋಡಿಕೊಳ್ಳುತ್ತದೆ; ಇದ್ದರೆ ಮತ್ತೆ ತಿರುಗಿಸುವ ಶ್ರಮವಿಲ್ಲ, ಇಲ್ಲದಿದ್ದರೆ ತಿರುಗಿಸುತ್ತದೆ. ಆ ಬಳಿಕ ಗ್ರಾಹಕನು ತನ್ನ ಅಳತೆಯನ್ನೋ ಸಂದೇಶವನ್ನೋ ಮುಗಿಸುತ್ತಾನೆ. ‘ಬಿಡು’ ಎಂದು ಹೇಳುವವರೆಗೂ ಬೇರೆ ಯಾರೂ ದಾರಿಯನ್ನು ಬದಲಿಸಲಾರರು. ಮೇಲೆ ವಿವರಿಸಿದ ಸದ್ದಿಲ್ಲದ ತಪ್ಪಿಗೆ ಇಲ್ಲಿ ಆಸ್ಪದವೇ ಇಲ್ಲ.

ತಿರುಗಿಸುವ ಕೆಲಸವೇ ವಿಫಲವಾದರೆ? ಆಗ ನಿಯಂತ್ರಕ ತನ್ನ ನೆನಪಿನಲ್ಲಿ ‘ಸ್ಥಿತಿ ತಿಳಿಯದು’ ಎಂದು ಗುರುತು ಹಾಕಿಕೊಳ್ಳುತ್ತದೆ, ಬೀಗವನ್ನು ತಾನೇ ಬಿಡುತ್ತದೆ, ಗ್ರಾಹಕನಿಗೆ ವೈಫಲ್ಯವನ್ನು ತಿಳಿಸುತ್ತದೆ. ತಿಳಿಯದುದನ್ನು ತಿಳಿದಂತೆ ನಟಿಸದಿರುವ ಈ ಎಚ್ಚರ ಗಮನಾರ್ಹ. ಬಳಕೆಯಿಲ್ಲದಾಗ ಮಲ್ಟಿಪ್ಲೆಕ್ಸರು ಇದ್ದ ಸ್ಥಿತಿಯಲ್ಲೇ ಇರಬೇಕೇ, ನಿಗದಿಯಾದ ಒಂದು ದಾರಿಗೆ ಮರಳಬೇಕೇ, ಅಥವಾ ಸಾಧನಕ್ಕೆ ಸಾಧ್ಯವಿದ್ದಲ್ಲಿ ಎಲ್ಲ ದಾರಿಗಳಿಂದಲೂ ಕಳಚಿಕೊಳ್ಳಬೇಕೇ ಎಂಬುದನ್ನೂ ಮೊದಲೇ ಗೊತ್ತುಪಡಿಸಬಹುದು.

ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾರು ಯಾವ ನಿಯಂತ್ರಕನ ಗ್ರಾಹಕರು ಎಂಬ ವಿವರವನ್ನು ಚಾಲಕದೊಳಗೆ ಬರೆಯುವುದಿಲ್ಲ. ಡಿವೈಸ್ ಟ್ರೀ ಎಂಬ ಪ್ರತ್ಯೇಕ ವಿವರಣಪತ್ರದಲ್ಲಿ ಫಲಕದ ರಚನೆಯನ್ನು ಬರೆದಿಡಲಾಗುತ್ತದೆ. ಕರ್ನೆಲ್ ಅದನ್ನು ಓದಿಕೊಂಡು ಸಂಬಂಧಗಳನ್ನು ಬೆಸೆಯುತ್ತದೆ. ಆದ್ದರಿಂದ ಫಲಕ ಬದಲಾದರೆ ಪತ್ರ ಬದಲಾಗುತ್ತದೆ, ಚಾಲಕ ಬದಲಾಗುವುದಿಲ್ಲ.

ಬೀಗದ ಸ್ವರೂಪ

ಈ ವ್ಯವಸ್ಥೆಯ ಬೀಗಕ್ಕೆ ಸೆಮಫೋರ್ ಎಂದು ಹೆಸರು. ರೈಲ್ವೆಯ ಕೈಮರಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಹಾಲೆಂಡಿನ ಗಣಕವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ ೧೯೬೦ರ ದಶಕದಲ್ಲಿ ಅದನ್ನು ಗಣಕಶಾಸ್ತ್ರಕ್ಕೆ ತಂದರು. ಜೋಡಿಹಳಿಯಿಲ್ಲದ ಮಾರ್ಗಗಳಲ್ಲಿ ಎರಡು ನಿಲ್ದಾಣಗಳ ನಡುವೆ ಒಂದೇ ಗಾಡಿ ಓಡಲೆಂದು ಚಾಲಕನ ಕೈಗೆ ಟೋಕನ್ ಕೊಡುವ ಪದ್ಧತಿ ಭಾರತೀಯ ರೈಲ್ವೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದುದನ್ನು ಹಿರಿಯ ವಾಚಕರು ಬಲ್ಲರು. ಟೋಕನ್ ಇದ್ದವನಿಗೆ ಹಳಿ, ಇಲ್ಲದವನು ನಿಲ್ಲಬೇಕು. ಇಲ್ಲಿಯ ಬೀಗವೂ ಒಂದೇ ಟೋಕನ್ನಿನ ಬೀಗ.

ಕರ್ನೆಲ್ಲಿನಲ್ಲಿ ಮ್ಯೂಟೆಕ್ಸ್ ಎಂಬ ಇನ್ನೊಂದು ಬಗೆಯ ಬೀಗವೂ ಉಂಟು. ಹಾಕಿದವನೇ ತೆಗೆಯಬೇಕೆಂಬುದು ಅದರ ಕಟ್ಟುನಿಟ್ಟು. ಸೆಮಫೋರಿಗೆ ಆ ನಿರ್ಬಂಧವಿಲ್ಲ. ಒಂದು ಸಂದರ್ಭದಲ್ಲಿ ಆರಿಸಿದ ದಾರಿಯನ್ನು ಬೇರೊಂದು ಸಂದರ್ಭದಲ್ಲಿ ಬಿಡಬೇಕಾಗಿ ಬರುವ ಮಲ್ಟಿಪ್ಲೆಕ್ಸರಿನ ಕೆಲಸಕ್ಕೆ ಈ ಸಡಿಲಿಕೆ ಅನುಕೂಲವಾದುದು. ಆದರೆ ಸಡಿಲಿಕೆಯ ಜೊತೆಗೆ ಹೊಣೆಯೂ ಬರುತ್ತದೆ. ಆರಿಸಿದ ಗ್ರಾಹಕನು ‘ಬಿಡು’ ಎನ್ನಲು ಮರೆತರೆ ಉಳಿದವರೆಲ್ಲ ಕಾಯುತ್ತಲೇ ಇರಬೇಕು. ಬೀಗವನ್ನು ಅವನ ಕೈಯಿಂದ ಕಿತ್ತುಕೊಳ್ಳುವ ಅಧಿಕಾರ ಈ ವ್ಯವಸ್ಥೆಯಲ್ಲಿ ಯಾರಿಗೂ ಇಲ್ಲ. ಕೆಲಸ ಮುಗಿದೊಡನೆ ಬಿಟ್ಟುಕೊಡುವ ಗ್ರಾಹಕರಿದ್ದಲ್ಲಿ ಮಾತ್ರ ಸಹಬಳಕೆ ಸುಗಮವಾಗುತ್ತದೆ.

ತನ್ನನ್ನೇ ತಾನು ಕಾಯುವ ಅಪಾಯ

ಬೀಗವಿದ್ದಲ್ಲಿ ಪರಸ್ಪರ ಕಾದು ಕುಳಿತು ಎಲ್ಲವೂ ಸ್ತಬ್ಧವಾಗುವ ಅಪಾಯವೂ ಇರುತ್ತದೆ. ಅದಕ್ಕೊಂದು ನಿದರ್ಶನ ಎಡಿಜಿ ೭೯೨ಎ ಎಂಬ ಚಿಪ್. ಅದರಲ್ಲಿ ನಾಲ್ಕು ದಾರಿಗಳ ಮೂರು ಮಲ್ಟಿಪ್ಲೆಕ್ಸರುಗಳಿವೆ. ಮೂರನ್ನೂ ಬೇರೆ ಬೇರೆಯಾಗಿಯಾದರೂ ಒಟ್ಟಿಗೇ ತಿರುಗುವಂತೆಯಾದರೂ ಬಳಸಬಹುದು. ಆದರೆ ಅದಕ್ಕೆ ಅಪ್ಪಣೆ ತಲುಪುವುದು ಐ-ಸ್ಕ್ವೇರ್-ಸಿ ಸಂಪರ್ಕಮಾರ್ಗದ ಮೂಲಕವೇ. ಅದೇ ಸಂಪರ್ಕಮಾರ್ಗವನ್ನು ಕವಲೊಡೆಸಲು ಈ ಚಿಪ್ಪನ್ನು ಬಳಸಿದರೆ ವಿಚಿತ್ರ ಪರಿಸ್ಥಿತಿ ಒದಗುತ್ತದೆ. ಕವಲಿಗೆ ಸಂದೇಶ ಕಳುಹಿಸಲು ಮೊದಲು ಇಡೀ ಮಾರ್ಗಕ್ಕೆ ಬೀಗ ಹಾಕಿದರೆ, ಕವಲನ್ನು ತಿರುಗಿಸುವ ಅಪ್ಪಣೆ ಅದೇ ಮಾರ್ಗದಲ್ಲಿ ಹೋಗಲಾರದೆ ಹೊರಗೆ ನಿಲ್ಲುತ್ತದೆ. ಒಳಗಿರುವವನು ಹೊರಗಿನವನಿಗಾಗಿಯೂ ಹೊರಗಿನವನು ಒಳಗಿನವನಿಗಾಗಿಯೂ ಕಾಯುತ್ತಾರೆ.

ಆದುದರಿಂದ ಕರ್ನೆಲ್ ಎರಡು ಕ್ರಮಗಳನ್ನು ಪ್ರತ್ಯೇಕಿಸುತ್ತದೆ. ಮೊದಲನೆಯದರಲ್ಲಿ ದಾರಿ ತಿರುಗಿಸುವುದು, ಸಂದೇಶ ಕಳುಹಿಸುವುದು, ಮರಳಿಸುವುದು ಎಲ್ಲವೂ ಮುಖ್ಯಮಾರ್ಗದ ಒಂದೇ ಬೀಗದೊಳಗೆ ನಡೆಯುತ್ತವೆ. ಎರಡನೆಯದರಲ್ಲಿ ಆ ಮಾರ್ಗದ ಮಲ್ಟಿಪ್ಲೆಕ್ಸರುಗಳಿಗೆ ಮಾತ್ರ ಬೀಗ ಬಿದ್ದು, ಮುಖ್ಯಮಾರ್ಗ ಒಂದೊಂದು ಸಂದೇಶಕ್ಕೂ ಬೇರೆ ಬೇರೆಯಾಗಿ ತೆರೆದುಕೊಳ್ಳುತ್ತದೆ. ಆಗ ತಿರುಗಿಸುವ ಅಪ್ಪಣೆಗೂ ದಾರಿ ಸಿಗುತ್ತದೆ. ಎರಡನೆಯ ಕ್ರಮದಲ್ಲಿ ಸಂಬಂಧವಿಲ್ಲದ ಸಂದೇಶಗಳು ನಡುವೆ ನುಸುಳಬಹುದಾದ್ದರಿಂದ ಯಾವ ಫಲಕಕ್ಕೆ ಯಾವುದು ಯೋಗ್ಯವೆಂಬುದನ್ನು ರಚನೆಯನ್ನು ನೋಡಿಯೇ ನಿರ್ಧರಿಸಬೇಕು. ಬೀಗ ಹಾಕುವುದು ಸುಲಭ. ಎಷ್ಟು ಅಗಲಕ್ಕೆ, ಎಷ್ಟು ಹೊತ್ತಿಗೆ ಎಂಬುದೇ ಕಠಿನ.

ಅಂಗೀಕಾರ ಮತ್ತು ಬೆಳವಣಿಗೆ

ಕರ್ನೆಲ್ಲಿಗೆ ಹೊಸದೊಂದು ವಿಭಾಗವನ್ನು ಸೇರಿಸುವುದು ಸುಲಭದ ಮಾತಲ್ಲ. ಪ್ರಸ್ತಾವವನ್ನು ಬಹಿರಂಗವಾಗಿ ಮಂಡಿಸಬೇಕು, ಬೇರೆ ವಿಭಾಗಗಳನ್ನು ನೋಡಿಕೊಳ್ಳುವವರ ಆಕ್ಷೇಪಗಳಿಗೆ ಉತ್ತರ ಕೊಡಬೇಕು, ತಿದ್ದಬೇಕು. ರೋಸಿನ್ ಅವರ ಪ್ರಸ್ತಾವ ಹತ್ತಕ್ಕೂ ಹೆಚ್ಚು ಸಲ ತಿದ್ದುಪಡಿಗೆ ಒಳಗಾಗಿ ಕೊನೆಗೆ ಅಂಗೀಕಾರ ಪಡೆಯಿತು. ೨೦೧೭ರ ಸೆಪ್ಟೆಂಬರ್ ೩ರಂದು ಹೊರಬಂದ ಲಿನಕ್ಸ್ ೪.೧೩ನೆಯ ಆವೃತ್ತಿಯಲ್ಲಿ ಈ ವಿಭಾಗ ಸೇರಿತು. ಅದರೊಡನೆ ತಂತಿಗಳಿಂದ ತಿರುಗುವ ಮಲ್ಟಿಪ್ಲೆಕ್ಸರಿನ ನಿಯಂತ್ರಕ, ಎಡಿಜಿ ೭೯೨ಎ ಚಿಪ್‌ನ ನಿಯಂತ್ರಕ, ಹಾಗೂ ಅಳತೆಗೂ ಸಂಪರ್ಕಕ್ಕೂ ಒಂದೊಂದು ಸಾಮಾನ್ಯ ಗ್ರಾಹಕ ಚಾಲಕ ಕೂಡಿಬಂದವು.

ಸಾಮಾನ್ಯ ಪರಿಹಾರದ ಯೋಗ್ಯತೆ ತಿಳಿಯುವುದು ಅದನ್ನು ಮೊದಲು ಬಯಸದವರಿಗೂ ಅದು ಒದಗಿದಾಗ. ಸಂಸ್ಕಾರಕದ ಒಳಗಿನ ನೋಂದಣಿಯ ಕೆಲವು ಬಿಟ್‌ಗಳೇ ಆಯ್ಕೆಯ ಕೀಲಿಯಾಗಿರುವ ಸಾಧನಗಳಿಗೂ, ಎರಡು ಕ್ಯಾಮೆರಾ ಮಾರ್ಗಗಳಲ್ಲಿ ಒಂದನ್ನು ಆರಿಸುವ ದೃಶ್ಯ ವಿಭಾಗಕ್ಕೂ ಇದೇ ಏರ್ಪಾಡು ಒದಗಿತು. ದಾರಿ ತಿರುಗಿದ ಕೂಡಲೇ ವೋಲ್ಟೇಜು ನೆಲೆನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಬೇಕು ಎಂಬುದನ್ನು ಗಮನಿಸಿ, ತಿರುಗಿದ ಗಳಿಗೆಯನ್ನು ನೆನಪಿಟ್ಟು ಅಗತ್ಯವಿದ್ದಷ್ಟೇ ಕಾಯುವ ಸೌಲಭ್ಯವನ್ನು ಮುಂದೆ ಸೇರಿಸಲಾಯಿತು. ನಿಯಂತ್ರಣ ಒಂದೇ ಕಡೆ ಇದ್ದುದರಿಂದ ತಿರುಗಿದ ಗಳಿಗೆಯ ಲೆಕ್ಕವನ್ನೂ ಅದೊಂದೇ ಕಡೆ ಇಟ್ಟರೆ ಸಾಕಾಯಿತು.

ಪ್ರಯೋಗಾಲಯದಲ್ಲಿ ತೋರಿಸಬಹುದಾದ ಬಗೆ

ಈ ತತ್ತ್ವವನ್ನು ಗಣಕಯಂತ್ರವಿಲ್ಲದೆಯೂ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳಿಗೆ ತೋರಿಸಬಹುದು. ಸಿಡಿ ೪೦೫೧ ಚಿಪ್‌ನ ೧೬ನೆಯ ಕಾಲನ್ನು ೯ ವೋಲ್ಟಿನ ಬ್ಯಾಟರಿಯ ಧನಧ್ರುವಕ್ಕೂ ೬, ೭, ೮ನೆಯ ಕಾಲುಗಳನ್ನು ಋಣಧ್ರುವಕ್ಕೂ ಜೋಡಿಸಬೇಕು. ಒಂದು ಶುಷ್ಕಕೋಶದ ಧನಧ್ರುವವನ್ನು ೧೩ನೆಯ ಕಾಲಿಗೂ, ಸರಣಿಯಲ್ಲಿಟ್ಟ ಎರಡು ಶುಷ್ಕಕೋಶಗಳ ಧನಧ್ರುವವನ್ನು ೧೪ನೆಯ ಕಾಲಿಗೂ ಕೊಟ್ಟು, ಅವುಗಳ ಋಣಧ್ರುವಗಳನ್ನು ಬ್ಯಾಟರಿಯ ಋಣಧ್ರುವಕ್ಕೆ ಸೇರಿಸಬೇಕು. ೯ ಮತ್ತು ೧೦ನೆಯ ಕಾಲುಗಳನ್ನು ಋಣಧ್ರುವದಲ್ಲಿಯೇ ಇರಿಸಿ, ೧೧ನೆಯ ಕಾಲನ್ನು ಎರಡು ಧ್ರುವಗಳ ನಡುವೆ ಬದಲಿಸಬಲ್ಲ ಸ್ವಿಚ್ಚಿಗೆ ಕೊಡಬೇಕು. ೩ನೆಯ ಕಾಲಿಗೂ ಋಣಧ್ರುವಕ್ಕೂ ನಡುವೆ ವೋಲ್ಟ್‌ಮೀಟರನ್ನು ಇಟ್ಟರೆ ಸ್ವಿಚ್ಚಿನ ಒಂದು ಸ್ಥಿತಿಯಲ್ಲಿ ಸುಮಾರು ೧.೫ ವೋಲ್ಟ್, ಇನ್ನೊಂದರಲ್ಲಿ ಸುಮಾರು ೩ ವೋಲ್ಟ್ ಕಾಣುತ್ತದೆ.

ಒಬ್ಬ ವಿದ್ಯಾರ್ಥಿ ಮಾಪಕವನ್ನು ಮಾತ್ರ ನೋಡುತ್ತ ‘ಮೊದಲ ಕೋಶ’ ಎಂಬ ತಲೆಬರಹದಡಿ ಅಂಕಿಗಳನ್ನು ಬರೆಯುತ್ತಿರಲಿ; ಇನ್ನೊಬ್ಬನು ಅವನಿಗೆ ಕಾಣದಂತೆ ಆಗೊಮ್ಮೆ ಈಗೊಮ್ಮೆ ಸ್ವಿಚ್ಚನ್ನು ತಿರುಗಿಸಲಿ. ಪಟ್ಟಿಯಲ್ಲಿ ತಪ್ಪು ಅಂಕಿಗಳು ಸೇರಿಕೊಳ್ಳುವುದನ್ನೂ ಮಾಪಕ ಯಾವ ದೋಷವನ್ನೂ ತೋರದಿರುವುದನ್ನೂ ತರಗತಿ ಕಣ್ಣಾರೆ ಕಾಣುತ್ತದೆ. ಆಮೇಲೆ ಒಂದು ಸೀಮೆಸುಣ್ಣದ ತುಂಡನ್ನು ಮೇಜಿನ ಮೇಲಿಟ್ಟು, ಅದು ಕೈಯಲ್ಲಿದ್ದವರು ಮಾತ್ರ ಸ್ವಿಚ್ಚನ್ನಾಗಲಿ ಲೇಖನಿಯನ್ನಾಗಲಿ ಮುಟ್ಟಬಹುದೆಂಬ ನಿಯಮ ಮಾಡಿದರೆ ಪಟ್ಟಿ ಸರಿಹೋಗುತ್ತದೆ. ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಒಬ್ಬನು ಹೊರಗೆ ಹೋದರೆ ಏನಾಗುವುದೆಂಬುದನ್ನೂ ಮಕ್ಕಳೇ ಕಂಡುಕೊಳ್ಳುತ್ತಾರೆ.

ಯಂತ್ರಭಾಗದಲ್ಲಿ ಮಾಡಿದ ಮಿತವ್ಯಯ ತಂತ್ರಾಂಶದಲ್ಲಿ ಒಂದು ಕರ್ತವ್ಯವನ್ನು ಹುಟ್ಟಿಸುತ್ತದೆ. ಆ ಕರ್ತವ್ಯವನ್ನು ಬಳಸುವ ಪ್ರತಿಯೊಬ್ಬನ ಎಚ್ಚರಕ್ಕೆ ಬಿಟ್ಟರೆ ಅದು ಎಂದಾದರೊಂದು ದಿನ ತಪ್ಪಿಯೇ ತಪ್ಪುತ್ತದೆ. ಎಲ್ಲರೂ ಹಾದುಹೋಗಲೇಬೇಕಾದ ಒಂದೆಡೆಯಲ್ಲಿ ಅದನ್ನು ನೆಲೆಗೊಳಿಸಿದರೆ ಉಳಿಯುತ್ತದೆ. ಮೂರು ತಂತಿಗಳ ಈ ಸಣ್ಣ ವಿಷಯಕ್ಕೆ ತಿಂಗಳುಗಟ್ಟಲೆ ಚರ್ಚೆ, ತಿದ್ದುಪಡಿ ನಡೆದುದು ವ್ಯರ್ಥವಾಗಲಿಲ್ಲ. ಒಂದು ಫಲಕದ ಗುಟ್ಟಾಗಿ ಉಳಿಯಬಹುದಾಗಿದ್ದ ಉಪಾಯ, ಮುಂದೆ ಬರುವ ಯಾವ ಫಲಕಕ್ಕೂ ಒದಗುವ ಸಾರ್ವಜನಿಕ ಕ್ರಮವಾಯಿತು.